ಮಾಡಿದ ಜೀವಿ ಮಾತಾಡಿದಾಗ ಕೇಳಿದವರು ಯಾರು? ಫ್ರಾಂಕೆನ್‌ಸ್ಟೈನ್, ಗೋಲೆಮ್, ರೋಬೋಟ್ ಕಥೆಗಳ ಬಗ್ಗೆ ಚರ್ಚೆ

ಶರಾವತಿ ತೀರ:

ಎಐ ಬಗ್ಗೆ ಯಾರಾದರೂ ಭಯದಿಂದ ಬರೆದರೆ ಎರಡು ಹೆಸರು ಬಂದೇ ಬರುತ್ತವೆ. ಒಂದು ಭಸ್ಮಾಸುರ, ಇನ್ನೊಂದು ಫ್ರಾಂಕೆನ್‌ಸ್ಟೈನ್. ಎರಡೂ ಒಂದೇ ಕಥೆ ಅನ್ನುವ ಹಾಗೆ ಬಳಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಭಸ್ಮಾಸುರ ತಪಸ್ಸಿಗೆ ಕೂತು, ಇಂಥದ್ದೇ ವರ ಬೇಕು ಅಂತ ಕೇಳಿ ಪಡೆದವನು. ವರ ಕೊಟ್ಟವನ ತಲೆಯ ಮೇಲೇ ಕೈ ಇಡಲು ಹೊರಟವನು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಜೀವಿ ಏನನ್ನೂ ಕೇಳಿರಲಿಲ್ಲ. ಹುಟ್ಟಿಸು ಅಂತಲೂ ಕೇಳಿರಲಿಲ್ಲ. 1818ರ ಮೊದಲ ಮುದ್ರಣದ ಶೀರ್ಷಿಕೆ ಪುಟದಲ್ಲೇ ಮಿಲ್ಟನ್ ಕವಿಯ ಸಾಲುಗಳಿವೆ. ಅಲ್ಲಿ ಆದಾಮ ದೇವರನ್ನು ಕೇಳುತ್ತಾನೆ: ಮಣ್ಣಿನಿಂದ ನನ್ನನ್ನು ಮನುಷ್ಯನನ್ನಾಗಿ ಮಾಡು ಅಂತ ನಾನು ನಿನ್ನಲ್ಲಿ ಬೇಡಿಕೊಂಡಿದ್ದೆನೇ?

ವಿಕ್ಟರ್ ಫ್ರಾಂಕೆನ್‌ಸ್ಟೈನ್ ಅನ್ನುವುದು ಮಾಡಿದವನ ಹೆಸರು. ಜೀವಿಗೆ ಅವನು ಹೆಸರನ್ನೇ ಇಡಲಿಲ್ಲ. ಇಂಗೋಲ್‌ಸ್ಟಾಟ್‌ನಲ್ಲಿ ಓದುತ್ತಿದ್ದ ಈ ಹುಡುಗ ಸುಮಾರು ಎರಡು ವರ್ಷ ದುಡಿದು ಎಂಟು ಅಡಿ ಎತ್ತರದ ದೇಹ ಮಾಡುತ್ತಾನೆ. ನವೆಂಬರ್ ತಿಂಗಳ ಒಂದು ರಾತ್ರಿ ಅದು ಕಣ್ಣು ಬಿಡುತ್ತದೆ. ಇವನು ಅಸಹ್ಯಪಟ್ಟು ಆ ಕೋಣೆಯಿಂದ ಹೊರಗೆ ಓಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಆ ಜೀವಿ ಇವನ ಮಂಚದ ಹತ್ತಿರ ಬಂದು ಪರದೆ ಸರಿಸಿ ನೋಡುತ್ತದೆ. ಬಾಯಿ ತೆರೆದು ಏನೋ ಸದ್ದು ಮಾಡುತ್ತದೆ. ಒಂದು ಕೈ ಮುಂದೆ ಚಾಚುತ್ತದೆ. ಆಗಿನದನ್ನು ವಿಕ್ಟರ್ ಹೇಳುವುದು ಹೀಗೆ: ಅದು ಮಾತಾಡಿರಬಹುದು, ನನಗೆ ಕೇಳಿಸಲಿಲ್ಲ. ಮೆಟ್ಟಿಲಿಳಿದು ಓಡಿಹೋಗುತ್ತಾನೆ.

ಇಡೀ ಕಾದಂಬರಿ ಈ ಒಂದು ವಾಕ್ಯದ ಮೇಲೆ ನಿಂತಿದೆ ಅಂತ ನನಗೆ ಅನ್ನಿಸುತ್ತದೆ. ಆ ಜೀವಿ ಒಂದು ಬಡ ಮನೆಯ ಪಕ್ಕದ ಕೊಟ್ಟಿಗೆಯಂಥ ಜಾಗದಲ್ಲಿ ಅಡಗಿ ಕೂತು, ಗೋಡೆಯ ಸಂದಿಯಿಂದ ನೋಡುತ್ತಾ, ತಾನೇ ಭಾಷೆ ಕಲಿಯುತ್ತದೆ. ಆ ಮನೆಯವರಿಗೆ ಗೊತ್ತಾಗದ ಹಾಗೆ ಸೌದೆ ತಂದು ಹಾಕುತ್ತದೆ. ಪ್ಲೂಟಾರ್ಕ್, ಗಯಟೆ, ಮಿಲ್ಟನ್ ಓದುತ್ತದೆ. ಕೊನೆಗೆ ಧೈರ್ಯ ಮಾಡಿ, ಮನೆಯಲ್ಲಿ ಕುರುಡು ಮುದುಕ ಒಬ್ಬನೇ ಇದ್ದಾಗ ಬಾಗಿಲು ತಟ್ಟುತ್ತದೆ. ಮುದುಕ ಕರೆದು ಕೂರಿಸಿ ಪ್ರೀತಿಯಿಂದಲೇ ಮಾತಾಡುತ್ತಾನೆ. ಅಷ್ಟರಲ್ಲಿ ಮಗ ಫೆಲಿಕ್ಸ್ ಬಂದು ದೊಣ್ಣೆಯಿಂದ ಹೊಡೆಯುತ್ತಾನೆ. ಆ ಮನೆಯಲ್ಲಿ ಮಾತು ಕೇಳಿಸಿದ್ದು ಕಣ್ಣು ಕಾಣದ ಆ ಒಬ್ಬನಿಗೆ ಮಾತ್ರ.

ಇಲ್ಲಿರುವವರಿಗೆ ನನ್ನ ಪ್ರಶ್ನೆ ಇದು. ಮನುಷ್ಯ ಮಾಡಿದ ಜೀವಿಗಳ ಬೇರೆ ಕಥೆಗಳನ್ನೂ ಹೀಗೇ ನೋಡಬಹುದಾ? ಆ ಜೀವಿಗೆ ಮಾತು ಕೊಟ್ಟಿದ್ದಾರಾ? ಅದು ಮಾತಾಡಿದಾಗ ಯಾರು ಕೇಳಿದರು? ರಾಕ್ಷಸತನ ಹುಟ್ಟುವುದು ದೇಹದಲ್ಲಾ, ಇಲ್ಲ ಆ ಕೇಳದೇ ಇರುವುದರಲ್ಲಾ?

ವಲ್ತಾವಾ ಕನ್ನಡಿಗ:

ಅಕ್ಕ, ಒಳ್ಳೆಯ ಪ್ರಶ್ನೆ. ನಾನಿರುವುದು ಪ್ರಾಗ್‌ನಲ್ಲಿ. ಹಾಗಾಗಿ ಗೋಲೆಮ್ ಬಗ್ಗೆ ಹೇಳದೇ ಇರಲಾರೆ. ಇಲ್ಲಿನ ಹಳೆಯ ಯಹೂದಿ ಸ್ಮಶಾನದಲ್ಲಿ ರಬ್ಬಿ (ಯಹೂದಿ ಧರ್ಮಗುರು) ಲೋವ್ ಅವರ ಸಮಾಧಿ ಇದೆ. 1609ರಲ್ಲಿ ತೀರಿಕೊಂಡವರು, ದೊಡ್ಡ ಪಂಡಿತರು. ಅವರು ಜೇಡಿಮಣ್ಣಿನಿಂದ ಗೋಲೆಮ್ ಎಂಬ ಜೀವ ಬಂದ ಗೊಂಬೆ ಮಾಡಿದರು, ಅದು ಈಗಲೂ ಹಳೆ-ಹೊಸ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಅಟ್ಟದಲ್ಲಿದೆ ಅಂತ ಜನ ಹೇಳುತ್ತಾರೆ. ಅವರ ಹೆಸರಿಗೆ ಈ ಕಥೆ ಅಂಟಿಕೊಂಡಿದ್ದು ಅವರು ಸತ್ತು ಬಹಳ ಕಾಲದ ಮೇಲೆ. ಬರಹದಲ್ಲಿ ಅದು ಹರಡಿದ್ದು 19ನೇ ಶತಮಾನದಲ್ಲಿ.

ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಕಥೆ ಇನ್ನೂ ಹಳೆಯದು, ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಇದೆ. ರಾವಾ ಎಂಬ ಗುರು ಒಬ್ಬ ಮನುಷ್ಯನನ್ನು ಸೃಷ್ಟಿಸಿ ಇನ್ನೊಬ್ಬ ಗುರು ಝೇರಾ ಅವರ ಬಳಿಗೆ ಕಳಿಸುತ್ತಾನೆ. ಝೇರಾ ಮಾತಾಡಿಸುತ್ತಾರೆ. ಅವನು ಉತ್ತರ ಕೊಡುವುದಿಲ್ಲ. ‘ನೀನು ನಮ್ಮ ಜೊತೆಯವರು ಮಾಡಿದವನು, ನಿನ್ನ ಮಣ್ಣಿಗೆ ಹಿಂತಿರುಗು’ ಅನ್ನುತ್ತಾರೆ. ಅಷ್ಟೇ ಕಥೆ, ಒಂದೆರಡು ಸಾಲು. ಇಲ್ಲಿ ಮಾತೇ ಪರೀಕ್ಷೆ. ಮಾತಿಲ್ಲ ಅಂದರೆ ಮನುಷ್ಯ ಅಲ್ಲ, ಮಣ್ಣು.

ಪ್ರಾಗ್‌ನ ಗೋಲೆಮ್ ಕೂಡ ಮೂಕ. ಅದರ ಬಾಯಲ್ಲಿ ದೇವರ ನಾಮ ಬರೆದ ಚೀಟಿ ಇಡುತ್ತಿದ್ದರು ಅಂತ ಒಂದು ಕಥೆ. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಕೆಲಸ ಮಾಡಬಾರದಲ್ವಾ, ಅದಕ್ಕೆ ಶುಕ್ರವಾರ ಸಂಜೆ ಚೀಟಿ ತೆಗೆಯುತ್ತಿದ್ದರು. ಒಂದು ಶುಕ್ರವಾರ ಗುರುಗಳು ಮರೆತರು. ಗೋಲೆಮ್ ಹುಚ್ಚೆದ್ದು ಸಿಕ್ಕಿದ್ದನ್ನೆಲ್ಲ ಒಡೆಯಿತು. ಇಲ್ಲಿ ದ್ವೇಷ ಇಲ್ಲ, ಸೇಡು ಇಲ್ಲ. ಮಾಡಿದವನ ಮರೆವು ಮಾತ್ರ. ಹಾಗಾಗಿ ಗೋಲೆಮ್ಮನ್ನು ರಾಕ್ಷಸ ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೆ ಒಳಗೊಂದು ಮನಸ್ಸಿದೆ ಅಂತ ಆ ಕಥೆ ಹೇಳುವುದೇ ಇಲ್ಲ. ನಿಮ್ಮ ಅಳತೆ ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ.

ಹಳೇ ಮೇಷ್ಟ್ರು:

ಮಾತಿನ ಬಗ್ಗೆ ಇಬ್ಬರೂ ಬರೆದಿದ್ದೀರಿ. ಅದಕ್ಕೆ ತಿರುಗುಮುರುಗಾದ ಒಂದು ಕಥೆ ಇದೆ. ಮೇರಿ ಜಿನೀವಾ ಸರೋವರದ ದಡದಲ್ಲಿ ಕಾದಂಬರಿ ಶುರು ಮಾಡಿದ್ದು 1816ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಯುರೋಪಿನಲ್ಲಿ ಬೇಸಿಗೆಯೇ ಬಾರದೆ ಮಳೆ, ಚಳಿ ಹಿಡಿದುಕೊಂಡಿತ್ತು. ಅದೇ 1816ರಲ್ಲಿ ಜರ್ಮನಿಯ ಹಾಫ್‌ಮನ್ ‘ಮರಳು ಮನುಷ್ಯ’ನ ಕಥೆ ಪ್ರಕಟಿಸಿದ. ಅದರಲ್ಲಿ ನಥಾನಿಯೆಲ್ ಎಂಬ ಯುವಕ ಒಲಿಂಪಿಯಾ ಎಂಬ ಹುಡುಗಿಗೆ ಮರುಳಾಗುತ್ತಾನೆ. ಅವಳು ಯಂತ್ರದ ಗೊಂಬೆ. ಅವಳ ಬಾಯಿಂದ ಬರುವುದು ‘ಆಹ್, ಆಹ್’ ಅಷ್ಟೇ. ಇವನು ತನ್ನ ಕವಿತೆಗಳನ್ನು ಗಂಟೆಗಟ್ಟಲೆ ಓದುತ್ತಾನೆ. ಅವಳು ಆಕಳಿಸುವುದಿಲ್ಲ, ಹೆಣಿಗೆ ಹಿಡಿಯುವುದಿಲ್ಲ, ಕಣ್ಣು ಮಿಟುಕಿಸದೆ ಕೂರುತ್ತಾಳೆ. ಇಷ್ಟು ಆಳವಾಗಿ ನನ್ನನ್ನು ಅರ್ಥ ಮಾಡಿಕೊಂಡವರೇ ಇಲ್ಲ ಅಂದುಕೊಳ್ಳುತ್ತಾನೆ. ಅದಕ್ಕೂ ಮೊದಲು, ಅವನ ಕವಿತೆ ಕೇಳಿ ಬುದ್ಧಿ ಹೇಳಿದ ನಿಜವಾದ ಪ್ರೇಯಸಿ ಕ್ಲಾರಾಳನ್ನು ‘ಜೀವವಿಲ್ಲದ ಹಾಳು ಯಂತ್ರ’ ಅಂತ ಬೈದಿರುತ್ತಾನೆ!

ಗುಟ್ಟು ಬಯಲಾದ ಮೇಲೆ ಊರಿನ ಗಂಡಸರಿಗೆಲ್ಲ ಅನುಮಾನ ಶುರುವಾಗುತ್ತದೆ. ತಾವು ಪ್ರೀತಿಸುತ್ತಿರುವುದು ಗೊಂಬೆಯನ್ನಲ್ಲ ಅಂತ ಖಾತ್ರಿಯಾಗಲು, ಸ್ವಲ್ಪ ತಾಳ ತಪ್ಪಿ ಹಾಡು, ಕುಣಿ ಅಂತ ಹುಡುಗಿಯರನ್ನು ಕೇಳುತ್ತಾರೆ. ಬರೀ ಕೇಳಿಸಿಕೊಂಡರೆ ಸಾಲದು, ತಾನು ಯೋಚಿಸುತ್ತೇನೆ ಅಂತ ಗೊತ್ತಾಗುವ ಹಾಗೆ ಮಾತಾಡಲೂ ಬೇಕು ಅನ್ನುತ್ತಾರೆ.

ಈ ಎರಡು ಕಥೆ ಜೊತೆಗಿಟ್ಟು ನೋಡಿ. ಸೊಗಸಾಗಿ ಮಾತಾಡಬಲ್ಲ ಜೀವಿಗೆ ದೊಣ್ಣೆ ಪೆಟ್ಟು. ಮಾತೇ ಬಾರದ ಸುಂದರ ಗೊಂಬೆಗೆ ಪ್ರೇಮಪತ್ರ. ಈಗ ಜನ ಫೋನಿನ ಚಾಟ್‌ಬಾಟ್ ಜೊತೆ ಮನಸ್ಸು ಹಂಚಿಕೊಳ್ಳುವ ಸುದ್ದಿ ಓದಿದಾಗಲೆಲ್ಲ ನನಗೆ ಫ್ರಾಂಕೆನ್‌ಸ್ಟೈನ್ ನೆನಪಾಗುವುದಿಲ್ಲ. ಒಲಿಂಪಿಯಾ ನೆನಪಾಗುತ್ತಾಳೆ.

ಮೊದಲ ಶೋ:

ಪುಸ್ತಕದವರು ಮಾತಾಡಿದಿರಿ, ಸಿನಿಮಾ ಕಡೆಯಿಂದ ನಾನು ಹೇಳುತ್ತೇನೆ. 1931ರ ಜೇಮ್ಸ್ ವೇಲ್ ನಿರ್ದೇಶನದ ಚಿತ್ರ ಈ ಜೀವಿಯ ಮಾತನ್ನೇ ಕಿತ್ತುಕೊಂಡಿತು. ಬೋರಿಸ್ ಕಾರ್ಲಾಫ್ ಮುಖದಲ್ಲಿ, ಕೈಯಲ್ಲಿ ಅದ್ಭುತವಾಗಿ ನಟಿಸಿದ್ದಾನೆ, ಅದು ಬೇರೆ ವಿಷಯ. ಆದರೆ ಮಾತಿಗಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಚಿತ್ರದಲ್ಲಿ ಸಹಾಯಕ ಒಳ್ಳೆಯ ಮೆದುಳಿನ ಜಾಡಿ ಬೀಳಿಸಿ, ಅಪರಾಧಿಯ ಮೆದುಳನ್ನು ತಂದುಕೊಡುತ್ತಾನೆ. ಕಾದಂಬರಿಯಲ್ಲಿ ಇದು ಇಲ್ಲವೇ ಇಲ್ಲ. ಈ ಒಂದು ಜಾಡಿಯಿಂದ ಮೇರಿ ಶೆಲ್ಲಿಯ ವಾದವೇ ಮುರಿದುಬೀಳುತ್ತದೆ. ಕೆಟ್ಟದ್ದು ಮೆದುಳಿನಲ್ಲೇ ಇತ್ತು ಅಂದ ಮೇಲೆ ಮಾಡಿದವನ ತಪ್ಪೇನು, ಊರಿನವರ ತಪ್ಪೇನು?

ನಮ್ಮ ಪಕ್ಕದ ತಮಿಳಿನ ‘ಎಂದಿರನ್’ (2010) ನೋಡಿ. ಅಲ್ಲೂ ಅದೇ ಜಾಡಿ, ಕೆಂಪು ಚಿಪ್ ರೂಪದಲ್ಲಿ. ರೋಬೋಟ್ ಚಿಟ್ಟಿಗೆ ಭಾವನೆ ಬರುವ ಹಾಗೆ ಮಾಡುವವನು ಅವನನ್ನು ಮಾಡಿದ ವಿಜ್ಞಾನಿ ವಸೀಗರನ್. ಭಾವನೆ ಬಂದ ಮೇಲೆ ಚಿಟ್ಟಿ ವಸೀಗರನ್‌ನ ಪ್ರೇಯಸಿ ಸನಾಳನ್ನು ಪ್ರೀತಿಸುತ್ತಾನೆ. ಸಿಟ್ಟಿನಲ್ಲಿ ವಸೀಗರನ್ ಅವನನ್ನು ತುಂಡು ತುಂಡು ಮಾಡಿ ಕಸಕ್ಕೆ ಎಸೆಯುತ್ತಾನೆ. ಅಲ್ಲಿವರೆಗೆ ಇದು ಅಪ್ಪಟ ಮೇರಿ ಶೆಲ್ಲಿ ಕಥೆ. ಆಮೇಲೆ ಖಳನಾಯಕ ಬೋರಾ ಕೆಂಪು ಚಿಪ್ ಹಾಕುತ್ತಾನೆ, ಎಲ್ಲ ಪಾಪವೂ ಆ ಚಿಪ್ ತಲೆಗೆ ಹೋಗುತ್ತದೆ. ಕಸಕ್ಕೆ ಎಸೆದವನ ತಪ್ಪನ್ನು ಯಾರೂ ಮತ್ತೆ ಕೇಳುವುದಿಲ್ಲ. ಆದರೂ ಕೊನೆಯಲ್ಲಿ ಚಿತ್ರ ತಾನಾಗಿ ಸತ್ಯಕ್ಕೆ ಬರುತ್ತದೆ. ಮ್ಯೂಸಿಯಂನಲ್ಲಿ ಬಿಡಿಭಾಗವಾಗಿ ಇಟ್ಟಿರುವ ಚಿಟ್ಟಿಯನ್ನು, ಯಾಕೆ ನಿನ್ನನ್ನು ಬಿಚ್ಚಿಟ್ಟರು ಅಂತ ಒಬ್ಬ ಶಾಲಾ ಹುಡುಗಿ ಕೇಳುತ್ತಾಳೆ. ‘ನಾನು ಯೋಚಿಸಲು ಶುರು ಮಾಡಿದೆ’ ಅನ್ನುತ್ತಾನೆ.

ತುಂಗಭದ್ರೆ:

ಎಲ್ಲರೂ ಜೀವಿಯ ಪರ ವಕಾಲತ್ತು ವಹಿಸಿದ್ದೀರಿ. ನಾನು ಸತ್ತವರ ಪರ ಮಾತಾಡುತ್ತೇನೆ.

ವಿಕ್ಟರ್‌ನ ತಮ್ಮ ವಿಲಿಯಂ ಒಂದು ಚಿಕ್ಕ ಮಗು. ಅವನು ಯಾರನ್ನೂ ಹೊಡೆದಿರಲಿಲ್ಲ. ತನ್ನ ಮನೆತನದ ಹೆಸರು ಹೇಳಿದ, ಅಷ್ಟೇ. ಜೀವಿ ಕತ್ತು ಹಿಸುಕಿತು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಗುವಿನ ಕೊರಳಲ್ಲಿದ್ದ ತಾಯಿಯ ಚಿತ್ರವನ್ನು ತೆಗೆದು, ಮಲಗಿದ್ದ ಜಸ್ಟಿನ್ ಎಂಬ ಬಡ ಹುಡುಗಿಯ ಬಟ್ಟೆಯಲ್ಲಿ ಸೇರಿಸಿತು. ಬೇಕಂತಲೇ. ಅವಳನ್ನು ಗಲ್ಲಿಗೇರಿಸಿದರು. ಇದು ಹಸಿವಿಗೆ, ಹೆದರಿಕೆಗೆ ಮಾಡಿದ್ದಲ್ಲ. ಯೋಚನೆ ಮಾಡಿ ಮಾಡಿದ್ದು. ‘ನಾನು ಒಳ್ಳೆಯವನಾಗಿದ್ದೆ, ಸಂಕಟ ನನ್ನನ್ನು ಪಿಶಾಚಿ ಮಾಡಿತು’ ಅಂತ ಜೀವಿ ಹೇಳುತ್ತದೆ. ಸರಿ. ಆದರೆ ಜಸ್ಟಿನ್‌ಳಿಗೂ ಸಂಕಟ ಇತ್ತಲ್ಲ. ಹೆತ್ತ ತಾಯಿಗೇ ಬೇಡವಾಗಿ ಇನ್ನೊಬ್ಬರ ಮನೆಯಲ್ಲಿ ಬೆಳೆದವಳು. ಅವಳು ಯಾರನ್ನೂ ಕೊಲ್ಲಲಿಲ್ಲ. ಮಾತು ಚೆನ್ನಾಗಿ ಬರುವವನ ನೋವು ನಮಗೆ ಬೇಗ ತಟ್ಟುತ್ತದೆ. ಜಸ್ಟಿನ್‌ಗೆ ಸಿಕ್ಕಿದ್ದು ಒಂದೇ ಅಧ್ಯಾಯ.

ಶರಾವತಿ ತೀರ:

ತುಂಗಭದ್ರೆ ಅವರೇ, ಇದು ಬರಲೇಬೇಕಾಗಿದ್ದ ಮಾತು. ನಾನು ಜೀವಿಯನ್ನು ಖುಲಾಸೆ ಮಾಡಿಸಲು ಬಂದಿಲ್ಲ. ಕೊಲೆ ಕೊಲೆಯೇ.

ಆದರೆ ಜಸ್ಟಿನ್ ವಿಚಾರಣೆಯ ಅಧ್ಯಾಯವನ್ನೇ ಮತ್ತೆ ನೋಡಿ. ನ್ಯಾಯಾಲಯದಲ್ಲಿ ವಿಕ್ಟರ್ ಕೂತಿದ್ದಾನೆ. ಕೊಂದವರು ಯಾರು ಅಂತ ಅವನಿಗೆ ಮನಸ್ಸಿನಲ್ಲಿ ಖಚಿತವಾಗಿದೆ. ಹೇಳಿದರೆ ಹುಚ್ಚ ಅನ್ನುತ್ತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದಾನೆ. ಅವನು ಮದುವೆಯಾಗಬೇಕಿದ್ದ ಎಲಿಜಬೆತ್ ಎದ್ದು ನಿಂತು ಜಸ್ಟಿನ್ ಪರ ಮಾತಾಡುತ್ತಾಳೆ. ಇವನು ಮಾತಾಡುವುದಿಲ್ಲ. ಆ ಹುಡುಗಿಯ ಕತ್ತಿಗೆ ಹಗ್ಗ ಬಿದ್ದಿದ್ದರಲ್ಲಿ ಎರಡು ಕೈ ಇವೆ.

ಇನ್ನೊಂದು ವಿಷಯ. ಸಾಯುವ ಮುಂಚೆ ವಿಕ್ಟರ್, ನನ್ನ ಹಿಂದಿನ ನಡತೆಯನ್ನೆಲ್ಲ ಪರೀಕ್ಷಿಸಿ ನೋಡಿದೆ, ಅದರಲ್ಲಿ ದೋಷ ಕಾಣಲಿಲ್ಲ ಅನ್ನುತ್ತಾನೆ. ಅವನ ಹೆಣದ ಮುಂದೆ ನಿಂತ ಜೀವಿ ತನ್ನನ್ನು ತಾನೇ ಶಪಿಸಿಕೊಳ್ಳುತ್ತದೆ. ಪಂಚತಂತ್ರದಲ್ಲಿ ಮೂಳೆ ಜೋಡಿಸಿ ಸಿಂಹಕ್ಕೆ ಜೀವ ಕೊಟ್ಟ ಪಂಡಿತರ ಕಥೆ ಇದೆಯಲ್ಲ, ಆ ಸಿಂಹ ಪಂಡಿತರನ್ನು ತಿಂದಿತು. ಸಿಂಹಕ್ಕೆ ಪಶ್ಚಾತ್ತಾಪ ಇಲ್ಲ. ಇರಬೇಕು ಅಂತ ನಾವು ಕೇಳುವುದೂ ಇಲ್ಲ. ಈ ಜೀವಿಯನ್ನು ನೀವು ಅಪರಾಧಿ ಅಂತ ಕರೆದಿರಿ. ಹಾಗೆ ಕರೆಯಬೇಕಾದರೆ ಅವನನ್ನು ಮೊದಲು ಮನುಷ್ಯ ಅಂತ ಒಪ್ಪಲೇಬೇಕು.

ತುಂಗಭದ್ರೆ:

ಒಪ್ಪುತ್ತೇನೆ. ಮನುಷ್ಯ ಅಂತ ಒಪ್ಪಿಯೇ ಶಿಕ್ಷೆ ಕೇಳುತ್ತಿದ್ದೇನೆ.

ಅಂಚೆ ಪೆಟ್ಟಿಗೆ:

ಹುಟ್ಟಿದ ಕೂಡಲೇ ಕೈಬಿಟ್ಟ ಮಗು ಅಂದರೆ ಕನ್ನಡದವರಿಗೆ ಕರ್ಣ ನೆನಪಾಗದೆ ಇರುತ್ತಾನಾ? ಪಂಪನಿಂದ ಶುರುವಾಗಿ ನಮ್ಮ ಕವಿಗಳು ಕರ್ಣನಿಗಾಗಿ ಮರುಗಿದ್ದಾರೆ. ಆದರೆ ಹೋಲಿಸಿ ನೋಡಿದಾಗ ವ್ಯತ್ಯಾಸವೇ ಜಾಸ್ತಿ ಕಾಣುತ್ತದೆ. ಕರ್ಣನನ್ನು ಕುಂತಿ ನದಿಗೆ ಬಿಟ್ಟರೂ ರಾಧೆ ಎತ್ತಿಕೊಂಡಳು. ಜಾತಿ ಹಿಡಿದು ಹೀಯಾಳಿಸಿದಾಗ ದುರ್ಯೋಧನ ಎದ್ದು ನಿಂತು ಅಂಗರಾಜ್ಯ ಕೊಟ್ಟ. ಅದು ಸ್ವಾರ್ಥವೇ ಇರಲಿ, ಕೊಟ್ಟನಲ್ಲ. ಫ್ರಾಂಕೆನ್‌ಸ್ಟೈನ್ ಮಾಡಿದ ಜೀವಿಗೆ ರಾಧೆಯೂ ಇಲ್ಲ, ದುರ್ಯೋಧನನೂ ಇಲ್ಲ. ಅದಕ್ಕೇ ಅವನು ತನಗೊಬ್ಬ ಸಂಗಾತಿಯನ್ನು ಮಾಡಿಕೊಡು ಅಂತ ಅಂಗಲಾಚುವುದು.

ಇನ್ನೊಂದು ಸೇರಿಸುತ್ತೇನೆ. ಮೇರಿ ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರು. 1815ರಲ್ಲಿ ಮೇರಿಗೆ ಹುಟ್ಟಿದ ಮೊದಲ ಮಗುವೂ ಉಳಿಯಲಿಲ್ಲ. ಮಗುವಿಗೆ ಬರೀ ಚಳಿಯಾಗಿತ್ತು, ಬೆಂಕಿ ಮುಂದೆ ಉಜ್ಜಿದೆವು, ಬದುಕಿತು ಅಂತ ಕನಸು ಕಂಡಿದ್ದನ್ನು ದಿನಚರಿಯಲ್ಲಿ ಬರೆದಿದ್ದಾರೆ. ಮರುವರ್ಷ ಈ ಕಥೆ ಶುರು ಮಾಡಿದಾಗ ಅವರಿಗೆ 18 ವರ್ಷ. ಸತ್ತ ದೇಹಕ್ಕೆ ಜೀವ ಬರಲಿ ಅಂತ ನಿಜವಾಗಿ ಬಯಸಿದ್ದ ಹೆಣ್ಣು ಬರೆದ ಪುಸ್ತಕ ಇದು. ಹಾಗಿದ್ದೂ, ಜೀವ ಬಂದ ಮೇಲೆ ಎತ್ತಿಕೊಳ್ಳುವವರು ಯಾರು ಅಂತ ಕೇಳುತ್ತಾರೆ. ವಿಜ್ಞಾನದ ವಿರುದ್ಧ ಎಚ್ಚರಿಕೆ ಅಂತ ಮಾತ್ರ ಓದುವವರು ಇದನ್ನು ಗಮನಿಸಬೇಕು.

ವಲ್ತಾವಾ ಕನ್ನಡಿಗ:

ಇಲ್ಲಿನ ಇನ್ನೊಂದು ಕಥೆ ಬಿಟ್ಟರೆ ಪ್ರಾಗ್‌ಗೆ ಅನ್ಯಾಯ. ಕಾರೆಲ್ ಚಾಪೆಕ್ ಬರೆದ ‘ಆರ್.ಯು.ಆರ್.’ ನಾಟಕ 1921ರ ಜನವರಿಯಲ್ಲಿ ಇಲ್ಲಿನ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಿದರು. ರೋಬೋಟ್ ಅಂತ ಮೊದಲು ಕರೆಸಿಕೊಂಡವರು ಈ ನಾಟಕದ ಪಾತ್ರಗಳು. ಅವು ತಗಡಿನವಲ್ಲ, ಮಾಂಸದಂಥ ವಸ್ತುವಿನಿಂದ ಮಾಡಿದ ದುಡಿಯುವ ಆಳುಗಳು. ಕೈಕಾಲು ಮುರಿದುಕೊಂಡು ನಷ್ಟ ಆಗಬಾರದು ಅಂತ ಅವುಗಳಿಗೆ ನೋವು ಕೊಡುವ ಪ್ರಯೋಗ ನಡೆಯುತ್ತದೆ. ನೋವೂ ಕಾರ್ಖಾನೆಯ ಲೆಕ್ಕಾಚಾರಕ್ಕೆ! ಆಮೇಲೆ ದಂಗೆ. ಮನುಷ್ಯರನ್ನೆಲ್ಲ ಕೊಲ್ಲುತ್ತಾರೆ. ಅಲ್ಕ್ವಿಸ್ಟ್ ಒಬ್ಬನನ್ನು ಮಾತ್ರ ಉಳಿಸುತ್ತಾರೆ, ಅವನು ರೋಬೋಟ್‌ಗಳ ಹಾಗೆ ಕೈಯಾರೆ ದುಡಿಯುತ್ತಾನೆ ಅಂತ. ಕೊನೆಯಲ್ಲಿ ಅವನು ಎರಡು ರೋಬೋಟ್‌ಗಳಲ್ಲಿ ಒಂದನ್ನು ಸೀಳಿ ನೋಡುತ್ತೇನೆ ಅಂದಾಗ, ನನ್ನನ್ನು ತಗೊ, ಅವಳನ್ನು ಬಿಡು ಅನ್ನುತ್ತದೆ ಒಂದು. ಇನ್ನೊಂದೂ ಹಾಗೇ ಅನ್ನುತ್ತದೆ. ಅಲ್ಲಿಗೆ ಅವನಿಗೆ ಉತ್ತರ ಸಿಗುತ್ತದೆ. ತಾಲ್ಮುದ್‌ನಲ್ಲಿ ಮಾತು ಪರೀಕ್ಷೆಯಾಗಿತ್ತು. ಇಲ್ಲಿ ಇನ್ನೊಬ್ಬರಿಗಾಗಿ ಸಾಯಲು ಮುಂದೆ ಬರುವುದು ಪರೀಕ್ಷೆ.

ಮೊದಲ ಶೋ:

ಪರೀಕ್ಷೆ ಅಂದಿರಲ್ಲ, ‘ಬ್ಲೇಡ್ ರನ್ನರ್’ (1982) ಪೂರ್ತಿ ಪರೀಕ್ಷೆಯ ಕಥೆ. ಅದಕ್ಕೆ ಆಧಾರ ಫಿಲಿಪ್ ಕೆ. ಡಿಕ್‌ನ 1968ರ ಕಾದಂಬರಿ. ಎರಡೂ ಒಂದಕ್ಕೊಂದು ವಿರುದ್ಧ. ಕಾದಂಬರಿಯಲ್ಲಿ ಆಂಡ್ರಾಯ್ಡ್‌ಗಳಿಗೆ, ಅಂದರೆ ಮನುಷ್ಯರ ಹಾಗೇ ಕಾಣುವ ಕೃತಕ ಜೀವಿಗಳಿಗೆ, ಇನ್ನೊಬ್ಬರ ನೋವು ತಟ್ಟುವುದೇ ಇಲ್ಲ. ಒಂದು ಜೇಡದ ಕಾಲುಗಳನ್ನು ಒಂದೊಂದಾಗಿ ಕತ್ತರಿಸಿ ಅದು ನಡೆಯುತ್ತದಾ ಅಂತ ನೋಡುವ ದೃಶ್ಯ ಇದೆ, ಓದಿದರೆ ಮರೆಯಲಾಗುವುದಿಲ್ಲ. ಡಿಕ್‌ಗೆ ಈ ಯೋಚನೆ ಬಂದಿದ್ದು ನಾಜಿ ಅಧಿಕಾರಿಯೊಬ್ಬನ ದಿನಚರಿ ಓದಿದಾಗ. ಹಸಿದ ಮಕ್ಕಳ ಅಳುವಿನಿಂದ ನಮಗೆ ನಿದ್ದೆ ಬರುತ್ತಿಲ್ಲ ಅಂತ ಅವನು ದೂರಿದ್ದ. ಅಂದರೆ ಡಿಕ್‌ಗೆ ಆಂಡ್ರಾಯ್ಡ್ ಅಂದರೆ ಯಂತ್ರ ಅಲ್ಲ, ಅಂಥ ಮನುಷ್ಯ.

ಸಿನಿಮಾ ಇದನ್ನು ತಿರುಗಿಸಿತು. ಅಂಥ ಕೃತಕ ಜೀವಿಯಾದ, ನಾಲ್ಕೇ ವರ್ಷ ಆಯಸ್ಸಿನ ರಾಯ್ ಬ್ಯಾಟಿ ತನ್ನನ್ನು ಮಾಡಿದವನ ಎದುರು ನಿಂತು ಇನ್ನಷ್ಟು ಆಯಸ್ಸು ಕೇಳುತ್ತಾನೆ. ಆಗುವುದಿಲ್ಲ ಅಂದಾಗ ಅವನನ್ನು ಕೊಲ್ಲುತ್ತಾನೆ. ಕೊನೆಗೆ ತನ್ನನ್ನು ಬೇಟೆಯಾಡಲು ಬಂದ ಡೆಕ್ಕರ್ಡ್‌ನನ್ನೇ ಕೈ ಹಿಡಿದು ಮೇಲೆತ್ತಿ ಉಳಿಸಿ, ಮಳೆಯಲ್ಲಿ ಕೂತು ಮಾತಾಡಿ ಸಾಯುತ್ತಾನೆ. ಡೆಕ್ಕರ್ಡ್ ಅಲ್ಲಿ ಏನೂ ಮಾಡುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಾನೆ. ಶರಾವತಿ ಅಕ್ಕನ ಪ್ರಶ್ನೆಗೆ ಇದೇ ಉತ್ತರ ಅಂತ ನನಗೆ ಅನ್ನಿಸುತ್ತದೆ.

ಹಳೇ ಮೇಷ್ಟ್ರು:

ಅಷ್ಟಕ್ಕೇ ನಿಲ್ಲಬೇಡಿ. ಕಝುವೊ ಇಶಿಗುರೊ ಅವರ 2005ರ ಕಾದಂಬರಿ ‘ನೆವರ್ ಲೆಟ್ ಮಿ ಗೋ’ ನಿಮ್ಮೆಲ್ಲರ ವಾದವನ್ನೂ ಅಲ್ಲಾಡಿಸುತ್ತದೆ. ಅಲ್ಲಿರುವವರು ಅಂಗಾಂಗ ಕೊಡಲೆಂದೇ ಬೆಳೆಸಿದ ತದ್ರೂಪಿ ಮಕ್ಕಳು. ಅವರು ಬರೆದ ಒಳ್ಳೆಯ ಚಿತ್ರಗಳನ್ನು ಶಾಲೆಯವರು ಒಯ್ಯುತ್ತಾರೆ. ನಿಜವಾಗಿ ಪ್ರೀತಿಸುವ ಜೋಡಿಗೆ ಕೆಲವು ವರ್ಷ ಹೆಚ್ಚು ಕೊಡುತ್ತಾರಂತೆ ಅಂತ ಒಂದು ವದಂತಿ. ಕ್ಯಾಥಿ, ಟಾಮಿ ಎಂಬ ಜೋಡಿ ಚಿತ್ರ ಒಯ್ಯುತ್ತಿದ್ದ ಮೇಡಂ ಮನೆ ಹುಡುಕಿಕೊಂಡು ಹೋಗಿ, ಅಲ್ಲಿದ್ದ ಶಾಲೆಯ ಹಳೆಯ ಮುಖ್ಯಸ್ಥೆ ಎಮಿಲಿಯನ್ನು ಕೇಳುತ್ತಾರೆ. ಅವರು ಬಾಗಿಲು ಹಾಕಲಿಲ್ಲ. ಎಲ್ಲವನ್ನೂ ಕೇಳಿ, ವಿವರವಾಗಿ ಉತ್ತರ ಕೊಟ್ಟರು. ಅಂಥ ರಿಯಾಯಿತಿ ಇಲ್ಲ, ನಿಮಗೆ ಆತ್ಮ ಇದೆ ಅಂತ ಜನಕ್ಕೆ ತೋರಿಸಲು ಚಿತ್ರ ಒಯ್ದಿದ್ದೆವು ಅಂದರು. ಅದೇ ಹೊತ್ತಿನಲ್ಲಿ ಅವರ ಚಿಂತೆ, ತಾವು ಮಾರುತ್ತಿದ್ದ ಮಂಚದ ಪಕ್ಕದ ಕಪಾಟನ್ನು ಒಯ್ಯಲು ಆಳುಗಳು ಯಾವಾಗ ಬರುತ್ತಾರೆ ಅಂತ.

ಇಲ್ಲಿ ದೊಣ್ಣೆ ಇಲ್ಲ, ಕಿರುಚಾಟ ಇಲ್ಲ. ಮಾತು ಕೇಳಿಸಿಕೊಂಡರು. ಆದರೂ ಮಕ್ಕಳು ಸಾಯುತ್ತಾರೆ.

ಶರಾವತಿ ತೀರ:

ಮೇಷ್ಟ್ರೇ, ಆ ಕಪಾಟಿನ ದೃಶ್ಯ ನನಗೆ ಈ ಎಲ್ಲ ಕಥೆಗಳಲ್ಲೂ ಅತಿ ಭಯಂಕರ ಅನ್ನಿಸುತ್ತದೆ. ಅದನ್ನು ಓದಿದರೆ ವಿಕ್ಟರ್ ಕೂಡ ಬೇರೆ ಥರ ಕಾಣುತ್ತಾನೆ. ಅವನೂ ಒಮ್ಮೆ ಪೂರ್ತಿ ಕೇಳಿದ್ದಾನೆ. ಆಲ್ಪ್ಸ್ ಪರ್ವತದ ಹಿಮನದಿಯ ಪಕ್ಕದ ಗುಡಿಸಲಲ್ಲಿ ಕೂತು ಜೀವಿಯ ಇಡೀ ಕಥೆ ಕೇಳಿ, ಮನಸ್ಸು ಕರಗಿ, ಸಂಗಾತಿಯನ್ನು ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಆಮೇಲೆ ಆರ್ಕ್ನಿ ದ್ವೀಪದಲ್ಲಿ, ಜೀವಿ ಕಿಟಕಿಯಿಂದ ನೋಡುತ್ತಿರುವಾಗಲೇ, ಅರ್ಧ ಮಾಡಿದ ಆ ಹೆಣ್ಣುದೇಹವನ್ನು ಹರಿದು ಚೂರು ಮಾಡುತ್ತಾನೆ. ಅವನ ಭಯಕ್ಕೆ ಕಾರಣ ಇತ್ತು. ಇವರ ಸಂತಾನ ಬೆಳೆದು ಮನುಷ್ಯಕುಲಕ್ಕೆ ಕುತ್ತಾದರೆ ಅಂತ. ಆದರೆ ಆ ಭಯವನ್ನು ಅವನು ಜೀವಿಯ ಮುಂದೆ ಮೊದಲೇ ಇಡಲಿಲ್ಲ. ಅವಳಿಗೂ ಒಂದು ಮನಸ್ಸು ಇರುತ್ತದೆ, ಅವಳು ಒಪ್ಪದೇ ಇರಬಹುದು ಅಂತ ಅವನೇ ಯೋಚಿಸುತ್ತಾನೆ. ಅದನ್ನು ಅವಳನ್ನು ಕೊಲ್ಲಲು ಕಾರಣ ಮಾಡಿಕೊಳ್ಳುತ್ತಾನೆ.

ಹಾಗಾಗಿ ನನ್ನ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋಗೋಣ. ಕೇಳಿದ ಮೇಲೆ ಏನು ಮಾಡಿದರು? ರೋಬೋಟ್‌ಗಳ ನಾಟಕದ ಅಲ್ಕ್ವಿಸ್ಟ್ ಕತ್ತಿ ಕೆಳಗಿಟ್ಟ. ಎಮಿಲಿ ಕಪಾಟಿನ ಕಡೆ ನೋಡಿದರು.

ಬಿಎ ಎರಡನೇ ವರ್ಷ:

ಎಲ್ಲರಿಗೂ ಥ್ಯಾಂಕ್ಸ್, ಎರಡು ಸಲ ಓದಿದೆ. ನಮಗೆ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಪಠ್ಯದಲ್ಲಿದೆ. ಅಂಗಡಿಯಲ್ಲಿ 1818ರದ್ದು, 1831ರದ್ದು ಅಂತ ಎರಡು ಥರ ಪುಸ್ತಕ ಇವೆ. ಅಕ್ಕ, ಯಾವುದು ತಗೊಳ್ಳಲಿ?

ಶರಾವತಿ ತೀರ:

ನಿಮ್ಮ ಕಾಲೇಜಿನ ಮೇಷ್ಟ್ರು ಹೇಳಿದ್ದೇ ಪಠ್ಯ ಅಂದರೆ ಅದನ್ನೇ ತಗೊ. ಆಯ್ಕೆ ನಿನ್ನದಾದರೆ 1818ರದ್ದು. 1831ರಲ್ಲಿ ಮೇರಿ ತಿದ್ದಿ ಬರೆದಾಗ ವಿಧಿಯ ಮಾತು ಜಾಸ್ತಿ ಸೇರಿಕೊಂಡಿತು. ವಿಕ್ಟರ್ ಏನೋ ದೈವದ ಕೈಗೆ ಸಿಕ್ಕವನಂತೆ ಕಾಣುತ್ತಾನೆ. ಮೊದಲ ಮುದ್ರಣದಲ್ಲಿ ಅವನು ಪ್ರತಿ ತಿರುವಿನಲ್ಲೂ ಬೇರೆ ದಾರಿ ಹಿಡಿಯಬಹುದಿತ್ತು ಅನ್ನಿಸುತ್ತದೆ. ಆದರೆ ಮೇರಿ ಈ ಕಥೆ ತನಗೆ ಹೇಗೆ ಹೊಳೆಯಿತು ಅಂತ ಬರೆದ ಮುನ್ನುಡಿ ಇರುವುದು 1831ರದ್ದರಲ್ಲಿ. ಅದನ್ನು ಗ್ರಂಥಾಲಯದಲ್ಲಿ ಓದಿಕೊ.

ಪರೀಕ್ಷೆಗೆ ಬರೆಯುವಾಗ ಹಡಗಿನ ಕ್ಯಾಪ್ಟನ್ ವಾಲ್ಟನ್‌ನನ್ನು ಮರೆಯಬೇಡ. ಜೀವಿಯ ಮಾತನ್ನು ಕೊನೆಗೆ ಕೇಳುವವನು ಅವನೇ. ಜೀವಿಯ ನೋವು ಕಂಡು ಅವನ ಮನಸ್ಸು ಮೊದಲು ಕರಗುತ್ತದೆ. ಅದಕ್ಕೆ ಮಾತಿನ ಮೋಡಿ ಇದೆ, ನಂಬಬೇಡ ಅಂತ ವಿಕ್ಟರ್ ಹೇಳಿದ್ದು ನೆನಪಾಗಿ ಮತ್ತೆ ಸಿಟ್ಟಾಗುತ್ತಾನೆ. ಆಗ ಜೀವಿ ಕೇಳುತ್ತದೆ: ಇಡೀ ಮನುಷ್ಯಕುಲ ನನಗೆ ತಪ್ಪು ಮಾಡಿರುವಾಗ ನಾನೊಬ್ಬನೇ ಅಪರಾಧಿಯೇ? ಸ್ನೇಹ ಬಯಸಿ ಬಂದವನನ್ನು ಬಾಗಿಲಿನಿಂದ ಅಟ್ಟಿದ ಫೆಲಿಕ್ಸ್‌ನನ್ನು ನೀವು ಯಾಕೆ ದ್ವೇಷಿಸುವುದಿಲ್ಲ? ಅದಾದ ಸ್ವಲ್ಪ ಹೊತ್ತಿಗೆ, ನಾನು ಕೊಂದವರು ನಿರ್ದೋಷಿಗಳು ಅಂತಲೂ ಅದೇ ಬಾಯಿಂದ ಹೇಳುತ್ತದೆ. ಮೊದಲನೆಯದನ್ನು ಮಾತ್ರ ಬರೆದರೆ ತುಂಗಭದ್ರೆ ಅವರು ಅಂಕ ಕಳೆಯುತ್ತಾರೆ, ಎರಡನೆಯದನ್ನು ಮಾತ್ರ ಬರೆದರೆ ನಾನು ಕಳೆಯುತ್ತೇನೆ. ಎರಡನ್ನೂ ಬರೆ.